ಸೋರುವ ಮನೆಗೆ ಎಷ್ಟು ಸುರಿಯುವುದು?

ಯಾದಗಿರಿಯಿಂದ ರಾಯಚೂರಿನ ದಿಕ್ಕಿಗೆ ಹೋದರೆ ಸೈದಾಪುರದ ಹತ್ತಿರ ಸಿಗುವ ಊರು ಕಡೇಚೂರು. ಪಕ್ಕದ ಬಾಡಿಯಾಳವನ್ನೂ ಸೇರಿಸಿ ಮೂರು ಸಾವಿರ ಎಕರೆಗೂ ಹೆಚ್ಚು ಜಾಗ ಕೈಗಾರಿಕಾ ಪ್ರದೇಶ ಆದ ಮೇಲೆ ಈ ಹೆಸರು ಪೇಪರಿನಲ್ಲಿ ಆಗಾಗ ಬರುತ್ತದೆ. ರೈಲ್ವೆಯ ಬೋಗಿ ಕಾರ್ಖಾನೆ ಇರುವುದೂ ಅಲ್ಲೇ. ಇಲ್ಲಿ ಹೇಳಲು ಹೊರಟದ್ದು ಕಾರ್ಖಾನೆಯ ಸುದ್ದಿಯಲ್ಲ, ಆ ಸೀಮೆಯ ಹಳೆಯ ಮನೆಗಳ ಸುದ್ದಿ. ಕರಾವಳಿಯಲ್ಲಿ ಹಂಚಿನ ಮನೆಯಲ್ಲೋ ಟೆರೇಸ್ ಮನೆಯಲ್ಲೋ ಕೂತು ಪ್ರತಿ ಮಳೆಗಾಲಕ್ಕೆ ಬಕೆಟ್ ಇಡುವ ನಮಗೆ ಆ ಮನೆಗಳಿಂದ ತಿಳಿದುಕೊಳ್ಳಲು ಒಂದು ಸಂಗತಿ ಉಂಟು.

ಅಲ್ಲಿನ ಹಳೆ ಮನೆಗೆ ಹಂಚೂ ಇಲ್ಲ, ಸ್ಲ್ಯಾಬೂ ಇಲ್ಲ. ದಪ್ಪ ಕಲ್ಲು-ಮಣ್ಣಿನ ಗೋಡೆ. ಗೋಡೆಯ ಮೇಲೆ ಮರದ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ತುಂಡು ಇಲ್ಲವೇ ಕಲ್ಲಿನ ಪರಸಿ, ಎಲ್ಲದರ ಮೇಲೆ ಮಣ್ಣು. ಇದಕ್ಕೆ ಮಾಳಿಗೆ ಎನ್ನುತ್ತಾರೆ. ನಮ್ಮ ಕಡೆ ಮಾಳಿಗೆ ಅಂದರೆ ಮೇಲಿನ ಅಂತಸ್ತು. ಅಲ್ಲಿ ಅದು ಚಪ್ಪಟೆಯಾದ ಮಣ್ಣಿನ ಮಾಡು. ಮಣ್ಣಿನ ಮಾಡು ಮಳೆಗೆ ನಿಲ್ಲುವುದು ಹೇಗೆ ಎಂದು ನಮ್ಮವರಿಗೆ ಅನುಮಾನ ಬರಬಹುದು. ನಿಲ್ಲುತ್ತದೆ. ಮೇಲಿನ ಪದರಕ್ಕೆ ಬಳಸುವುದು ಚೌಳು ಮಣ್ಣು. ಬೆಳೆ ಬಾರದ ಈ ಕ್ಷಾರದ ಮಣ್ಣಿನಲ್ಲಿ ಸೋಡಿಯಂ ಅಂಶ ಹೆಚ್ಚು. ನೀರು ಬಿದ್ದೊಡನೆ ಅದರ ಜೇಡಿಯ ಕಣಗಳು ಬಿಡಿಯಾಗಿ, ಉಬ್ಬಿ, ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಮೇಲಿನ ನೀರು ಕೆಳಗಿಳಿಯದೆ ಹರಿದುಹೋಗುತ್ತದೆ. ಹೊಲಕ್ಕೆ ಬೇಡವಾದ ಮಣ್ಣೇ ಮನೆಗೆ ವಾಟರ್‌ಪ್ರೂಫಿಂಗ್. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಬೀಳುವ ಸುಮಾರು 4,000 ಮಿ.ಮೀ. ಮಳೆಯ ಕಾಲು ಭಾಗವೂ ಯಾದಗಿರಿಯಲ್ಲಿ ಬೀಳುವುದಿಲ್ಲ, ಹಾಗಾಗಿ ಅಷ್ಟು ಸಾಕು. ಆ ಊರಿನ ಏಪ್ರಿಲ್-ಮೇ ಬಿಸಿಲಿಗೆ ಈ ಮನೆಯೊಳಗಿನ ತಂಪಿನ ಮುಂದೆ ಯಾವ ಟೆರೇಸ್ ಮನೆಯೂ ನಿಲ್ಲದು.

ಆದರೆ ಇದು ವರ್ಷ ವರ್ಷದ ಕೆಲಸ. ಮಳೆಗೆ ಮಣ್ಣು ಸವೆಯುತ್ತದೆ, ಬಿಸಿಲಿಗೆ ಬಿರುಕು ಬಿಡುತ್ತದೆ, ಹುಲ್ಲು ಬೇರಿಳಿಸುತ್ತದೆ. ಮುಂಗಾರಿಗೆ ಮೊದಲು ಹುಲ್ಲು ಕಿತ್ತು, ಸಡಿಲಾದ ಹಳೆ ಮಣ್ಣು ಕೆರೆದು ತೆಗೆದು, ಹೊಸದು ಹಾಕಿ ಬಡಿದು, ನೀರು ಹೋಗುವ ದಾರಿ ಬಿಡಿಸಬೇಕು. ಕೆರೆಯುವ ಕೆಲಸ ಬೇಸರದ್ದು, ಹಾಕುವ ಕೆಲಸ ಸುಲಭದ್ದು. ಕೂಲಿ ಏರಿದ ಮೇಲೆ, ಮನೆಯ ಗಂಡಸರು ದುಡಿಯಲು ಬೆಂಗಳೂರಿಗೋ ಹೈದರಾಬಾದಿಗೋ ಹೋದ ಮೇಲೆ, "ಮಾಳ್ಗಿ ಸೋರ್ಲಕತ್ತದ" ಅಂದ ಕೂಡಲೇ ನಾಲ್ಕು ಬುಟ್ಟಿ ಮಣ್ಣು ಮೇಲೆ ಬೀಳುತ್ತದೆ. ಆ ವರ್ಷಕ್ಕೆ ಸೋರಿಕೆ ನಿಲ್ಲುತ್ತದೆ. ಮುಂದಿನ ವರ್ಷ ಮತ್ತೆ ನಾಲ್ಕು ಬುಟ್ಟಿ.

ಒಂದು ಲೆಕ್ಕ ಹಾಕಿ ನೋಡಿ. 100 ಚದರ ಅಡಿಯ ಮೇಲೆ ಒಂದೇ ಒಂದು ಅಂಗುಲ ಮಣ್ಣು ಹಾಸಿದರೆ ಅದರ ತೂಕ 350ರಿಂದ 400 ಕಿಲೋ ಆಗುತ್ತದೆ, ಅದೂ ಒಣಗಿದ ಮಣ್ಣಿಗೆ. ನಮ್ಮ ಮಂಗಳೂರು ಹಂಚು 100 ಚದರ ಅಡಿಗೆ ಸುಮಾರು 150 ಬೇಕು, ಒಂದೊಂದು ಎರಡೂವರೆ ಕಿಲೋ ಎಂದು ಇಟ್ಟುಕೊಂಡರೆ ಅದೂ ಅಷ್ಟೇ ತೂಕ. ಅಂದರೆ ಅಲ್ಲಿ ಒಂದು ಅಂಗುಲ ಮಣ್ಣು ಹೆಚ್ಚಾದಾಗಲೆಲ್ಲ ನಮ್ಮ ಮಾಡಿನ ಅಷ್ಟೂ ಹಂಚನ್ನು ಇನ್ನೊಮ್ಮೆ ಹೊರಿಸಿದ ಹಾಗೆ. ಕೆಳಗಿನ ತೊಲೆ ಮಾತ್ರ ಅಜ್ಜನ ಕಾಲದ್ದೇ. ಅದರ ತುದಿ ಗೋಡೆಯೊಳಗೆ ತೇವದಲ್ಲಿ ಕೂತು ಮೆತ್ತಗಾಗಿರುವುದು ಹೊರಗಿನಿಂದ ಕಾಣುವುದೂ ಇಲ್ಲ.

2009ರ ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್ ಶುರುವಿಗೆ ಉತ್ತರ ಕರ್ನಾಟಕದಲ್ಲಿ ಬಿಡದೆ ಮಳೆ ಹೊಡೆದಾಗ ನದಿ ದಂಡೆಯಿಂದ ದೂರ ಇದ್ದ ಊರುಗಳಲ್ಲೂ ಮಣ್ಣಿನ ಮನೆಗಳು ಕುಸಿದವು. ಯಾದಗಿರಿ ಆಗಿನ್ನೂ ಗುಲ್ಬರ್ಗ ಜಿಲ್ಲೆಯಲ್ಲಿತ್ತು, ಆ ವರ್ಷದ ಡಿಸೆಂಬರ್ ಕೊನೆಗೆ ಬೇರೆ ಜಿಲ್ಲೆಯಾಯಿತು. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿದಾಗಲೂ ಅದೇ ಕತೆ. ಇಂಥ ಮನೆಗಳಲ್ಲಿ ತೊಲೆ ಮುರಿಯುವುದಕ್ಕೆ ಮಳೆ ಒಂದೇ ಕಾರಣವಲ್ಲ. ಸೋರಬಾರದೆಂದು ವರ್ಷಗಟ್ಟಲೆ ಹೊರಿಸಿದ ಮಣ್ಣೂ ಕಾರಣ. ನೀರು ಕುಡಿದ ಮೇಲೆ ಆ ತೂಕವನ್ನು ಹೊರುವುದು ಹಳೆ ತೊಲೆಯಿಂದ ಆಗುವುದಿಲ್ಲ.

ನಮ್ಮಲ್ಲಿ ನಡೆಯುತ್ತಿರುವುದೂ ಇದೇ. ಅಲ್ಲಿ ಮಣ್ಣು, ಇಲ್ಲಿ ಸಿಮೆಂಟು, ಅಷ್ಟೇ ವ್ಯತ್ಯಾಸ.

1980, 90ರ ದಶಕದಲ್ಲಿ ಗಲ್ಫಿನ ಹಣದಿಂದ ಎದ್ದ ಟೆರೇಸ್ ಮನೆಗಳನ್ನು ನೆನಪು ಮಾಡಿಕೊಳ್ಳಿ. ಇಚ್ಚ ಡ್ರಾಫ್ಟ್ ಕಳಿಸಿದ, ಮೇಸ್ತ್ರಿ ಕಟ್ಟಿದ, ಇಂಜಿನಿಯರ್ ಎಂಬವನು ಸೈಟಿಗೆ ಬಂದದ್ದು ಕಡಿಮೆ. ಕಾಂಕ್ರೀಟು ಕೈಯಲ್ಲೇ ಕಲಸಿದ್ದು. ಹೊಯ್ಗೆ ಉಪ್ಪುನೀರು ಏರುವ ನದಿಬಾಯಿಯದ್ದಾದರೆ ಉಪ್ಪೂ ಅದರ ಜೊತೆಗೇ ಬಂತು. ಕಬ್ಬಿಣದ ಕೆಳಗೆ ಇರಬೇಕಾದಷ್ಟು ದಪ್ಪ ಕಾಂಕ್ರೀಟ್ ಹೊದಿಕೆ ಬಿಡದೆ ಸರಳು ಮೇಲ್ಮೈಗೆ ಅಂಟಿಕೊಂಡಿತು. ಆಗ ಇದೇನೂ ಕಾಣಲಿಲ್ಲ. ಈಗ ಆ ಮನೆಗಳಿಗೆ ಮೂವತ್ತು, ನಲವತ್ತು ವರ್ಷ. ಸ್ಲ್ಯಾಬಿನ ಅಡಿಯಲ್ಲಿ ಸರಳಿನ ನೇರಕ್ಕೆ ಗೆರೆ ಹೊಡೆದ ಹಾಗೆ ಬಿರುಕು, ಆಮೇಲೆ ಕಂದು ಕಲೆ, ಆಮೇಲೆ ಒಂದು ದಿನ ಊಟದ ಹೊತ್ತಿಗೆ ಅಂಗೈಯಗಲದ ತುಂಡು ಮೇಜಿನ ಮೇಲೆ.

ಇದರಲ್ಲಿ ಆಗುವುದು ಇಷ್ಟು. ನೀರೂ ಉಪ್ಪೂ ತಾಗಿ ಕಬ್ಬಿಣ ತುಕ್ಕು ಹಿಡಿದಾಗ ಅದು ಮೊದಲಿದ್ದದ್ದಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಜಾಗ ಇಲ್ಲ, ಹಾಗಾಗಿ ಕಾಂಕ್ರೀಟನ್ನು ಒಳಗಿನಿಂದ ಒಡೆದು ಹೊರಗೆ ದೂಡುತ್ತದೆ. ಇಂಥ ಕಡೆ ಮೇಲಿನಿಂದ ಸಿಮೆಂಟ್ ಮೆತ್ತಿ ಪೈಂಟ್ ಹೊಡೆದರೆ ಬಿರುಕು ಮುಚ್ಚೀತು, ಒಳಗಿನ ತುಕ್ಕು ನಿಲ್ಲದು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮೆತ್ತಿದ್ದೂ ಸೇರಿ ಕೆಳಗೆ ಬರುತ್ತದೆ. ಸರಿಯಾದ ಕೆಲಸ ಎಂದರೆ ಟೊಳ್ಳಾದ ಕಾಂಕ್ರೀಟನ್ನು ಸರಳಿನ ಹಿಂಬದಿಯವರೆಗೆ ಕೆತ್ತಿ ತೆಗೆಯಬೇಕು, ತುಕ್ಕನ್ನು ತಂತಿ ಬ್ರಶ್‌ನಿಂದ ಉಜ್ಜಬೇಕು, ಸವೆದ ಸರಳಿಗೆ ಹೊಸ ಸರಳು ಜೋಡಿಸಿ ತುಕ್ಕು ತಡೆಯುವ ಲೇಪ ಕೊಟ್ಟು, ಅದಕ್ಕೆಂದೇ ಸಿಗುವ ಪಾಲಿಮರ್ ಗಾರೆಯಲ್ಲಿ ತುಂಬಿಸಬೇಕು. ಬೀಮು, ಕಂಬಕ್ಕೆ ಇದು ಬಂದಿದ್ದರೆ ಮೇಸ್ತ್ರಿಯ ಮಾತು ಸಾಲದು, ಸ್ಟ್ರಕ್ಚರಲ್ ಇಂಜಿನಿಯರಿಗೆ ತೋರಿಸಿ. ಅವರಿಗೆ ಕೊಡುವ ಫೀಸು ಒಂದು ಲೋಡ್ ಟೈಲ್ಸ್‌ಗಿಂತ ಹೆಚ್ಚೇನಲ್ಲ.

ಸೋರುವ ಟೆರೇಸಿಗೆ ನಮ್ಮಲ್ಲಿ ಮಾಡುವ ಇನ್ನೊಂದು ಮದ್ದು, ಮೇಲೆ ಎರಡು ಇಂಚು ಸಿಮೆಂಟು ಹೊಯ್ಯುವುದು. ಐದು ವರ್ಷ ಬಿಟ್ಟು ಅದರ ಮೇಲೆ ಇನ್ನೆರಡು ಇಂಚು. ಕಾಂಕ್ರೀಟು ಮಣ್ಣಿಗಿಂತ ಭಾರ ಎಂಬುದು ನೆನಪಿರಲಿ. ಇದು ಕಡೇಚೂರಿನ ನಾಲ್ಕು ಬುಟ್ಟಿ ಮಣ್ಣೇ, ಬಿಲ್ಲು ಮಾತ್ರ ದೊಡ್ಡದು. ಅದಕ್ಕೆ ಹೋಲಿಸಿದರೆ ಇತ್ತೀಚೆಗೆ ಊರು ತುಂಬ ಕಾಣುವ ತಗಡಿನ ಶೀಟು ಹೊದಿಸುವ ಕೆಲಸ ವಾಸಿ. ನೋಡಲು ಚಂದವಿಲ್ಲ, ಆಟಿಯ ಮಳೆಗೆ ಮಾತು ಕೇಳಿಸುವುದಿಲ್ಲ, ನಿಜ. ಆದರೆ ನೀರು ಸ್ಲ್ಯಾಬಿಗೆ ಮುಟ್ಟುವುದೇ ಇಲ್ಲ, ತೂಕವೂ ಕಡಿಮೆ. ಶೀಟು ಗಾಳಿಗೆ ಹಾರದಂತೆ ಟ್ರಸ್ಸಿನ ಕಾಲುಗಳನ್ನು ಬೀಮಿನ ನೇರಕ್ಕೆ ಕೂರಿಸಬೇಕು. ಟೊಳ್ಳಾದ ಸ್ಲ್ಯಾಬಿನ ನಡುವೆ ಬೋಲ್ಟ್ ಹೊಡೆಯಬಾರದು.

ಹಾಗಾದರೆ ಮೊದಲು ಮಾಡಬೇಕಾದದ್ದೇನು? ನೀರು ಬರುವ ದಾರಿ ಹುಡುಕುವುದು. ಇದಕ್ಕೆ ದುಡ್ಡು ಬೇಡ, ತಾಳ್ಮೆ ಬೇಕು. ಗೋಡೆಯ ತೇವ ಮಾರ್ಚ್-ಏಪ್ರಿಲಿನಲ್ಲೂ ಒಣಗದಿದ್ದರೆ ಅದು ಮಳೆಯದ್ದಲ್ಲ, ಗೋಡೆಯೊಳಗಿನ ಪೈಪಿನದ್ದೋ ಬಾತ್‌ರೂಮಿನದ್ದೋ ಇರುವುದೇ ಹೆಚ್ಚು. ರಾತ್ರಿ ಎಲ್ಲ ನಲ್ಲಿ ಬಂದ್ ಮಾಡಿ, ಪಂಪ್ ಹಾಕದೆ, ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ ಮಲಗಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಕಳ್ಳ ಒಳಗೇ ಇದ್ದಾನೆ. ಬಾತ್‌ರೂಮಿನ ಮೇಲೆ ಅನುಮಾನವಿದ್ದರೆ ನೀರು ಹೋಗುವ ತೂತನ್ನು ಮುಚ್ಚಿ, ಒಂದು ಇಂಚು ನೀರು ನಿಲ್ಲಿಸಿ, ಒಂದು ದಿನ ಬಿಟ್ಟು ಕೆಳಗಿನ ಸ್ಲ್ಯಾಬ್ ನೋಡಿ. ಗೋಡೆಯ ಒದ್ದೆ ಒಳಗಿನದ್ದೋ ಹೊರಗಿನ ಗಾಳಿಯ ತೇವವೋ ಗೊತ್ತಾಗದಿದ್ದರೆ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಎರಡು ದಿನಕ್ಕೆ ಹಾಳೆಯ ಗೋಡೆ ಬದಿಯಲ್ಲಿ ಹನಿ ಕಂಡರೆ ನೀರು ಗೋಡೆಯೊಳಗಿಂದ ಬರುತ್ತಿದೆ, ಹೊರಬದಿಯಲ್ಲಿ ಕಂಡರೆ ಕೋಣೆಗೆ ಗಾಳಿ ಸಾಲದು. ಬಿರುಕಿನ ಎರಡು ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆದಿಡಿ. ಆರು ತಿಂಗಳಲ್ಲಿ ಅದು ಗೆರೆ ದಾಟಿದರೆ ಮನೆ ಇನ್ನೂ ಕದಲುತ್ತಿದೆ ಎಂದರ್ಥ, ದಾಟದಿದ್ದರೆ ಅದು ಹಳೆಯ ಗಾಯ.

ಕೆಂಪು ಕಲ್ಲಿನ ಗೋಡೆಗೆ ಬೇರೆಯದೇ ಸಮಸ್ಯೆ. ಈ ಕಲ್ಲು ನೀರು ಹೀರುತ್ತದೆ, ಬಿಟ್ಟರೆ ತಾನೇ ಒಣಗುತ್ತದೆ. ಹಿಂದಿನವರು ಸುಣ್ಣದ ಗಾರೆ ಬಳಸಿದಾಗ ತೇವಕ್ಕೆ ಹೊರಹೋಗುವ ದಾರಿ ಇರುತ್ತಿತ್ತು. ಅದೇ ಗೋಡೆಗೆ ಒಳಗೂ ಹೊರಗೂ ಸಿಮೆಂಟ್ ಸಾರಣೆ, ಮೇಲೆ ಪ್ಲಾಸ್ಟಿಕ್ ಪೈಂಟ್, ಕೆಳಗೆ ಮೂರಡಿ ಟೈಲ್ಸ್ ಹಾಕಿದರೆ ನೀರು ಒಳಗೇ ಸಿಕ್ಕಿಬೀಳುತ್ತದೆ, ಟೈಲ್ಸಿನ ಗೆರೆ ದಾಟಿ ಮೇಲೇರುತ್ತದೆ. ಇಲ್ಲಿ ಬೇಕಾದದ್ದು ಪೈಂಟ್ ಅಲ್ಲ. ಮನೆಯ ಸುತ್ತ ಮಣ್ಣು ಏರಿ ಪಂಚಾಂಗದ ಮಟ್ಟಕ್ಕೆ ಬಂದಿದ್ದರೆ ಅದನ್ನು ಇಳಿಸಿ, ಮಾಡಿನ ನೀರು ಗೋಡೆಯ ಬುಡಕ್ಕೆ ಬೀಳದ ಹಾಗೆ ಚರಂಡಿ ತೆಗೆಸಿ. ಎರಡಾಳಿನ ಎರಡು ದಿನದ ಕೂಲಿಯಲ್ಲಿ ಎಷ್ಟೋ ಮನೆಗಳ ಅರ್ಧ ರೋಗ ಹೋಗುತ್ತದೆ.

ನಮ್ಮ ಮನೆಗಳಲ್ಲಿ ಖರ್ಚಿನ ಕ್ರಮವೇ ತಲೆಕೆಳಗು. ಮನೆಗೆ ದುಡ್ಡು ಹಾಕುವುದು ಎರಡೇ ಸಂದರ್ಭದಲ್ಲಿ: ಪೆರ್ನಾಲಿಗೆ ಸುಣ್ಣಬಣ್ಣ, ಮಗಳ ಮದುವೆಗೆ ಟೈಲ್ಸ್. ಬರುವ ನೆಂಟರ ಕಣ್ಣಿಗೆ ಬೀಳುವ ಚಾವಡಿ ಫಳಫಳ, ಅಡುಗೆಕೋಣೆಯ ಮಾಡಿನ ಪಕ್ಕಾಸನ್ನು ಗೆದ್ದಲು ತಿಂದು ಮುಗಿಸಿರುತ್ತದೆ. ಮೊದಲು ಮಾಡು ಮತ್ತು ನೀರಿನ ದಾರಿ, ಆಮೇಲೆ ಹೊರುವ ಮರ, ಬೀಮು, ಆಮೇಲೆ ಹಳೆಯ ವಯರಿಂಗ್, ಕೊನೆಗೆ ಬಣ್ಣ. ಒದ್ದೆ ಗೋಡೆಯೊಳಗೆ ಮೂವತ್ತು ವರ್ಷದ ವಯರ್ ಇರುವ ಮನೆಯಲ್ಲಿ ಫ್ಯಾನಿನ ಸ್ವಿಚ್ ಮುಟ್ಟಿದರೆ ಚುರ್ ಅನ್ನುತ್ತದೆ ಎಂದು ಮಕ್ಕಳು ಹೇಳಿದರೆ ನಗಬೇಡಿ. ಆ ಕೆಲಸ ಬಣ್ಣಕ್ಕೂ ಮದುವೆಗೂ ಮೊದಲು.

ದುಡ್ಡು ಯಾರದು ಎನ್ನುವುದು ಇದಕ್ಕಿಂತ ಕಷ್ಟದ ಪ್ರಶ್ನೆ.

ನಮ್ಮಲ್ಲಿ ಹಾಳಾಗುತ್ತಿರುವ ಬಹಳ ಮನೆಗಳಲ್ಲಿ ಮರಕ್ಕೆ ಗೆದ್ದಲು ಹಿಡಿದದ್ದಕ್ಕಿಂತ ಮೊದಲು ಪಾಲಿಗೆ ಗೆದ್ದಲು ಹಿಡಿದಿದೆ. ತಂದೆ ತೀರಿ ಇಪ್ಪತ್ತು ವರ್ಷ, ಆರ್‌ಟಿಸಿಯಲ್ಲಿ ಇನ್ನೂ ಅವರದ್ದೇ ಹೆಸರು. ಒಬ್ಬ ಮಗ ದುಬೈ, ಒಬ್ಬ ಬೆಂಗಳೂರು, ಮನೆಯಲ್ಲಿ ಇರುವುದು ಉಮ್ಮ ಮತ್ತು ಗಂಡನಿಲ್ಲದ ಒಬ್ಬ ಮಗಳು. ಮಾಡು ಸೋರುವುದು ಇವರ ತಲೆಯ ಮೇಲೆ, ಹಣ ಇರುವುದು ಬೇರೆಯವರ ಕೈಯಲ್ಲಿ. ಕೇಳಲು ಇವರಿಗೆ ಸಂಕೋಚ. ಕೊಡುವವನಿಗೆ "ನಾನು ಹಾಕಿದ್ದು ನಾಳೆ ಪಾಲು ಮಾಡುವಾಗ ಸಿಗುತ್ತದೋ ಇಲ್ಲವೋ" ಎಂಬ ಅನುಮಾನ. ಹಾಗಾಗಿ ಯಾರೂ ಪೂರ್ತಿ ರಿಪೇರಿ ಮಾಡಿಸುವುದಿಲ್ಲ, ಐದು ಸಾವಿರ, ಹತ್ತು ಸಾವಿರ ಎಂದು ತೇಪೆ ಹಾಕುತ್ತಾ ಹೋಗುತ್ತಾರೆ. ಹತ್ತು ವರ್ಷದ ತೇಪೆಯ ಲೆಕ್ಕ ಕೂಡಿಸಿದರೆ ಹೊಸ ಮಾಡೇ ಆಗುತ್ತಿತ್ತು.

ಇದನ್ನು ಬಿಡಿಸಲು ಶರೀಅತ್ತಿನ ಪಾಲಿನ ಲೆಕ್ಕವೇ ಸಾಕು. ಮೇಲಿನ ಮನೆಯನ್ನೇ ತೆಗೆದುಕೊಳ್ಳೋಣ: ಪತ್ನಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ತೀರಿಕೊಂಡವರ ತಂದೆ-ತಾಯಿ ಈಗಾಗಲೇ ಇಲ್ಲ, ಸಾಲ-ವಸಿಯ್ಯತ್ ಬಾಕಿ ಇಲ್ಲ ಎಂದಾದರೆ ಪತ್ನಿಗೆ ಎಂಟರಲ್ಲಿ ಒಂದು. ಉಳಿದ ಏಳರಲ್ಲಿ ಗಂಡಿಗೆ ಎರಡೆರಡು, ಹೆಣ್ಣಿಗೆ ಒಂದೊಂದು. ಒಟ್ಟು ಸರಿಯಾಗಿ ಎಂಟು ಪಾಲು. ಮಾಡಿಗೆ 2 ಲಕ್ಷ ಬೇಕು ಎಂದಾದರೆ ಒಂದು ಪಾಲಿಗೆ 25,000 ಬೀಳುತ್ತದೆ. ಗಂಡುಮಕ್ಕಳಿಗೆ 50,000ದಂತೆ, ಉಮ್ಮನಿಗೂ ಮೂವರು ಹೆಣ್ಣುಮಕ್ಕಳಿಗೂ 25,000ದಂತೆ. ಕೊಡಲಾಗದವರ ಪಾಲನ್ನು ಇನ್ನೊಬ್ಬರು ಹಾಕಿದರೆ ಅದು ಉಡುಗೊರೆಯೋ ಸಾಲವೋ ಎಂದು ಆಗಲೇ ಬಾಯಿಬಿಟ್ಟು ಹೇಳಿ, ಒಂದು ಪುಸ್ತಕದಲ್ಲಿ ಬರೆದು, ಎಲ್ಲರ ಸಹಿ ಹಾಕಿಸಿ. ಬಿಲ್ಲಿನ ಫೋಟೋ ಮನೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಬೀಳಲಿ. ಗುಡ್ ಮಾರ್ನಿಂಗ್ ಹೂವಿಗಿಂತ ಅದು ಉಪಯೋಗ.

ಇದರಲ್ಲಿ ಒಂದು ಗೆರೆ ಎಳೆಯಬೇಕಾಗುತ್ತದೆ. ಮಾಡು, ಗೋಡೆ, ತೊಲೆ, ಚರಂಡಿ ಮನೆ ನಿಲ್ಲಲಿಕ್ಕೆ ಬೇಕಾದದ್ದು, ಅದು ಎಲ್ಲ ಪಾಲುದಾರರ ಮೇಲೆ. ಅಟ್ಯಾಚ್ಡ್ ಬಾತ್‌ರೂಮ್, ಎಸಿ, ಅಡುಗೆಕೋಣೆಯ ಗ್ರಾನೈಟ್ ಬಳಸುವವರ ಸೌಕರ್ಯ, ಅದು ಅವರ ಮೇಲೆ. ಈ ವ್ಯತ್ಯಾಸ ಮಾಡದೆ ಒಟ್ಟಿಗೆ ಮಾಡಿಸಿದ ಮನೆಗಳಲ್ಲೇ ಜಗಳ ಜಮಾಅತ್‌ವರೆಗೆ ಹೋಗುವುದು. ಹೆಣ್ಣುಮಕ್ಕಳನ್ನು ಸಹಿಯ ದಿನ ಮಾತ್ರ ಕರೆಯುವ ಅಭ್ಯಾಸವೂ ಬಿಡಬೇಕು. ಪಾಲು ಇರುವವಳಿಗೆ ಮಾಡಿನ ಬಗ್ಗೆ ಮಾತೂ ಇದೆ.

ಸರಕಾರದ ಪರಿಹಾರದ ಮೇಲೆ ಬಹಳ ಭರವಸೆ ಇಡಬೇಡಿ. 2019ರ ನೆರೆಯ ಹೊತ್ತಿಗೆ ರಾಜ್ಯ ಸರಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತ್ತು, ಆದರೆ ಅದು ಆ ಹೊತ್ತಿನ ತೀರ್ಮಾನ. 2022ರ ಕೇಂದ್ರದ ವಿಪತ್ತು ಪರಿಹಾರ ನಿಯಮದಲ್ಲಿ ಬಯಲು ಪ್ರದೇಶದ ಮನೆ ಪೂರ್ತಿ ಬಿದ್ದರೆ 1.20 ಲಕ್ಷ. ಕನಿಷ್ಠ ಶೇಕಡಾ 15ರಷ್ಟು ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000. ಅದಕ್ಕಿಂತ ಕಡಿಮೆ ಹಾನಿಗೆ ಏನೂ ಇಲ್ಲ. ವರ್ಷಗಟ್ಟಲೆ ನಿಧಾನಕ್ಕೆ ಹಾಳಾದ ಮನೆಗೂ ಇಲ್ಲ, ಮಳೆ-ಗಾಳಿಗೆ ಬಿದ್ದದ್ದೆಂದು ದಾಖಲೆ ಬೇಕು. ಗೋಡೆ ಕುಸಿದರೆ ಮಣ್ಣು ಎತ್ತುವ ಮೊದಲು ಫೋಟೋ ತೆಗೆಯಿರಿ, ಪಂಚಾಯತಿಗೂ ಗ್ರಾಮ ಆಡಳಿತಾಧಿಕಾರಿಗೂ ಕೂಡಲೇ ತಿಳಿಸಿ. ಆಗಲೂ ದಾಖಲೆಯಲ್ಲಿ ಅಜ್ಜನ ಹೆಸರೇ ಇದ್ದರೆ ಅಲೆದಾಟ ತಪ್ಪದು.

ಉಳಿದದ್ದು ನಮ್ಮ ಕೈಯ ಹಣ. ಬಡ್ಡಿಯ ಸಾಲ ಬೇಡವೆನ್ನುವವರಿಗೆ ಕುರಿ ಒಂದು ದಾರಿ. ಮನೆಯವರೇ ಸೇರಿ ತಿಂಗಳಿಗಿಷ್ಟು ಎಂದು ಮನೆಯ ಹೆಸರಿನಲ್ಲೇ ತೆಗೆದಿಡುವುದು ಇನ್ನೊಂದು. ಉಮ್ಮನ ಒಡವೆ ಅಡವಿಟ್ಟು ಮಾಡು ಮಾಡಿಸುವುದು ಕೊನೆಯ ದಾರಿಯಾಗಿರಲಿ. ಬಿಡಿಸುವವರು ಯಾರೆಂದು ಇಡುವಾಗಲೇ ಗೊತ್ತಿರಬೇಕು.

ಎಲ್ಲ ಮನೆಯನ್ನೂ ಪೂರ್ತಿ ಉಳಿಸಲೇಬೇಕೆಂದಿಲ್ಲ. ಎಂಟು ಕೋಣೆಯ ಮನೆಯಲ್ಲಿ ಇಬ್ಬರೇ ಇರುವುದಾದರೆ ಹಿಂದಿನ ಕೊಟ್ಟಿಗೆ ಬದಿಯನ್ನು ಕೆಡವಿ ಮುಂದಿನ ನಾಲ್ಕು ಕೋಣೆಯನ್ನು ಗಟ್ಟಿ ಮಾಡಿಕೊಳ್ಳುವುದು ಬುದ್ಧಿವಂತಿಕೆ. ಕೆಡವಿದ್ದರಲ್ಲಿ ಹಲಸು, ತೇಗದ ಮರ ಇದ್ದರೆ ಒಳ್ಳೆಯ ಬೆಲೆ ಉಂಟು. ಜೆಸಿಬಿಯವನಿಗೆ ಒಟ್ಟಾರೆ ಬಿಟ್ಟುಕೊಡಬೇಡಿ, ಮರವನ್ನು ಬಿಚ್ಚಿಸಿ ತೆಗೆಸಿ.

ಹಂಚಿನ ಮಾಡು ಇರುವವರು ಹಂಚು ಕೈಯಾಡಿಸುವವರನ್ನು ಪತ್ತನಾಜೆಯ ಹೊತ್ತಿಗೆ ಹುಡುಕಲು ಹೊರಟರೆ ಸಿಗುವುದಿಲ್ಲ. ಆ ಕೆಲಸ ಗೊತ್ತಿರುವವರೇ ಈಗ ಕಡಿಮೆ, ಇರುವವರನ್ನು ಮಳೆ ಬಿಟ್ಟ ಕೂಡಲೇ, ನವೆಂಬರ್-ಡಿಸೆಂಬರಿಗೆ ಹೇಳಿಟ್ಟುಕೊಳ್ಳಿ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಮೇಲೆ ಎಷ್ಟೋ ಹಂಚಿನ ಕಾರ್ಖಾನೆಗಳು ಬಂದವು, ಈಗ ಹೆಚ್ಚಿನವು ಮುಚ್ಚಿವೆ. ಒಂದು ಕಾರ್ಖಾನೆಯ ಹಂಚಿನ ತೋಡು ಇನ್ನೊಂದರದಕ್ಕೆ ಸರಿಯಾಗಿ ಕೂರುವುದಿಲ್ಲ, ಬೇರೆಯದನ್ನು ನಡುವೆ ಸೇರಿಸಿದರೆ ಅಲ್ಲೇ ಸೋರುತ್ತದೆ. ನಿಮ್ಮ ಮಾಡಿನ ಒಂದು ಹಂಚು ಕೆಳಗಿಳಿಸಿ ಮೇಲಿನ ಮುದ್ರೆ ನೋಡಿಟ್ಟುಕೊಳ್ಳಿ. ಊರಲ್ಲಿ ಯಾರಾದರೂ ಅದೇ ಮುದ್ರೆಯ ಮನೆ ಕೆಡವುತ್ತಿದ್ದಾರೆಂದು ಗೊತ್ತಾದರೆ ಐವತ್ತು ಹಂಚು ಕೇಳಿ ತಂದು ಕೊಟ್ಟಿಗೆಯಲ್ಲಿ ಒಣಗಿದ ಜಾಗದಲ್ಲಿ, ಮಲಗಿಸದೆ ನಿಲ್ಲಿಸಿ ಇಡಿ.